ಜೊತೆ ಮುರಿಯದ ಡ್ರಿಲ್ ಮೇಷ್ಟ್ರು

ನಮ್ಮ ಡ್ರಿಲ್ ಮೇಷ್ಟ್ರ ಕೆಳತುಟಿಯ ನಡುವೆ ಒಂದು ಸಣ್ಣ ಗುಳಿ ಇತ್ತು. ಮೂವತ್ತು ವರ್ಷ ಒಂದೇ ಜಾಗದಲ್ಲಿ ಸೀಟಿ ಕಚ್ಚಿ ಹಿಡಿದು ಬಿದ್ದ ಗುಳಿ. ಬಾಯಲ್ಲಿ ಸೀಟಿ ಇಲ್ಲದಾಗಲೂ ತುಟಿ ಅದರ ಆಕಾರದಲ್ಲೇ ಇರುತ್ತಿತ್ತು. ಹಾಗಾಗಿ ಅವರು ಸುಮ್ಮನೆ ನಿಂತಿದ್ದರೂ ಈಗ ಊದುತ್ತಾರೆ, ಈಗ ಬೈಯುತ್ತಾರೆ ಎಂದು ನಾವು ಕಾಯುತ್ತಿದ್ದೆವು. ಸಾಮಾನ್ಯವಾಗಿ ಅವರು ನಮಗೆ ನಿರಾಸೆ ಮಾಡುತ್ತಿರಲಿಲ್ಲ.

ಜಂಗಮಕೋಟೆ ಕಡೆಯ ಒಂದು ಹೈಸ್ಕೂಲು ನಮ್ಮದು. ಮೇಷ್ಟ್ರು ಬೆಳಿಗ್ಗೆ ಎದ್ದು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಮನೆಯ ರೇಷ್ಮೆ ಹುಳುಗಳಿಗೆ ಹಾಕಿ, ಸೊಪ್ಪು ಹೇರಿದ ಸೈಕಲ್ಲಿನಲ್ಲೇ ಸ್ಕೂಲಿಗೆ ಬರುತ್ತಿದ್ದರು. ಅಂಗಿಗೆ ಯಾವಾಗಲೂ ಸೊಪ್ಪಿನ ಹಸಿ ವಾಸನೆ. ಕ್ಯಾನ್ವಾಸ್ ಶೂ ಮಾತ್ರ ಸುಣ್ಣ ಬಳಿದ ಗೋಡೆಯಷ್ಟು ಬಿಳಿ. ಸಿಟ್ಟು ಬಂದರೆ ತೆಲುಗು, ತೀರಾ ಸಿಟ್ಟು ಬಂದರೆ ಮೌನ. ಎರಡನೆಯದಕ್ಕೇ ನಾವು ಹೆಚ್ಚು ಹೆದರುತ್ತಿದ್ದೆವು.

ತಂಡದ ನಾಯಕರು ತಮಗೆ ಬೇಕಾದವರನ್ನು ಆರಿಸಿಕೊಳ್ಳುವುದು ಅವರ ಮೈದಾನದಲ್ಲಿ ನಿಷಿದ್ಧ. ಆಟದಲ್ಲಿ ಸರಿಸಮ ಇರುವ ಇಬ್ಬರು ಜೊತೆಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ಬೇವಿನ ಮರದ ಹಿಂದೆ ಹೋಗಬೇಕು. ಅಲ್ಲಿ ಒಬ್ಬರು ಸೀಬೆ, ಇನ್ನೊಬ್ಬರು ನೇರಳೆ ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, “ಸೀಬೆ ಬೇಕಾ, ನೇರಳೆ ಬೇಕಾ?” ಎಂದು ನಾಯಕರನ್ನು ಕೇಳಬೇಕು. ಯಾವ ಹೆಸರಿನ ಹಿಂದೆ ಯಾರಿದ್ದಾರೆಂದು ನಾಯಕನಿಗೆ ಗೊತ್ತಿಲ್ಲ. ಬಂದವರನ್ನು ಅವನು ಒಪ್ಪಿಕೊಳ್ಳಬೇಕು, ಉಳಿದವರು ಎದುರು ತಂಡಕ್ಕೆ. ನಮ್ಮ ಸೀಮೆಯ ಮಕ್ಕಳಿಗೆಲ್ಲ ಇದು ಗೊತ್ತು. ಮೇಷ್ಟ್ರು ಸೇರಿಸಿದ್ದು ಇಷ್ಟೇ: ಯಾರಿಗೆ ಯಾರು ಜೊತೆ ಎಂಬುದನ್ನು ಅವರೇ ಹೇಳುತ್ತಿದ್ದರು, ಒಮ್ಮೆ ಕಟ್ಟಿದ ಜೊತೆಯನ್ನು ವರ್ಷ ಮುಗಿಯುವ ತನಕ ಮುರಿಯುತ್ತಿರಲಿಲ್ಲ.

ನನ್ನ ಎಡಗಾಲು ಬಲಗಾಲಿಗಿಂತ ಒಂದು ಬೆರಳಿನಷ್ಟು ಗಿಡ್ಡ. ಎಂಟನೇ ಕ್ಲಾಸಿನ ತನಕ ನಾನು ಎಲ್ಲ ಆಟಗಳಲ್ಲೂ ಚಪ್ಪಲಿ ಕಾಯುವವಳು. ಮೇಷ್ಟ್ರು ಮೊದಲ ವಾರ ನನ್ನನ್ನು ಸುಮ್ಮನೆ ನೋಡಿದರು. ಎರಡನೇ ವಾರ, ಇಡೀ ಸ್ಕೂಲಿಗೆ ವೇಗವಾಗಿ ಓಡುತ್ತಿದ್ದ ದಿಬ್ಬೂರಹಳ್ಳಿಯ ಹುಡುಗಿಯನ್ನು ಕರೆದು ನನ್ನ ಪಕ್ಕದಲ್ಲಿ ನಿಲ್ಲಿಸಿದರು. ಅವಳಿಗೆ ಅಳುವೇ ಬಂತು.

“ಸಾರ್, ಇವಳು ನನ್ ಜೊತೆಯಾ? ಇವಳಿಗೆ ಓಡಕ್ಕೇ ಬರಲ್ಲ.”

“ನಿಂಗೆ ತಿರುಗಕ್ಕೆ ಬರಲ್ಲ,” ಎಂದರು ಮೇಷ್ಟ್ರು. “ಜೊತೆ ಅಂದ್ರೆ ಅವಳಿ ಅಲ್ಲಮ್ಮ. ನಿನ್ ಕೈಲಿ ಆಗದ್ದು ಅವಳಿಗಾಗುತ್ತೆ, ಅವಳ ಕೈಲಿ ಆಗದ್ದು ನಿಂಗಾಗುತ್ತೆ. ಹೋಗಿ, ಹೆಸರಿಟ್ಕೊಂಡು ಬನ್ರಮ್ಮ.”

ಕಾಲಿನ ದೆಸೆಯಿಂದ ನಾನು ಒಂದು ಕಡೆ ವಾಲಿ ಇನ್ನೊಂದು ಕಡೆ ಹೋಗುತ್ತಿದ್ದೆ. ಖೋಖೋದಲ್ಲಿ ಅಟ್ಟಿಸಿಕೊಂಡು ಬರುವವರಿಗೆ ನಾನು ಎತ್ತ ನುಸುಳುತ್ತೇನೆಂದು ತಿಳಿಯುತ್ತಿರಲಿಲ್ಲ. ಇದು ನನಗೇ ಗೊತ್ತಿರಲಿಲ್ಲ. ನೋಡಿದ್ದು ಅವರೊಬ್ಬರೇ.

ಆ ವರ್ಷದ ಕ್ರೀಡಾಕೂಟಕ್ಕೆ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಹಿಂದಿನ ದಿನ ಹೆಡ್‌ಮಾಸ್ಟರು ಮೈದಾನಕ್ಕೆ ಬಂದು, ನಾನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ನಿಂತು, “ಮೇಷ್ಟ್ರೇ, ಆ ಹುಡುಗೀನ ನಾಳೆ ಸ್ಕೋರು ಬರೆಯೋಕೆ ಕೂರಿಸಿಬಿಡಿ. ನೋಡೋರಿಗೆ ಚೆನ್ನಾಗಿರಲ್ಲ,” ಎಂದರು. ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದರು.

“ಆಯ್ತು ಸಾರ್. ಅವಳನ್ನ ಕೂರಿಸಿದ್ರೆ ಆ ಕಡೆಯಿಂದ ಅವಳ ಜೊತೇನೂ ಕೂರಬೇಕು. ದಿಬ್ಬೂರಹಳ್ಳಿ ಹುಡುಗಿ. ಕೂರಿಸ್ಲಾ?”

ಅತಿಥಿಗಳಿಗೆ ತೋರಿಸಬೇಕೆಂದು ಹೆಡ್‌ಮಾಸ್ಟರು ಕಾದಿದ್ದುದೇ ಆ ಹುಡುಗಿಯ ಓಟವನ್ನು. “ಇದೇನ್ರೀ ಹಟ?” ಎಂದರು.

“ಹಟ ಅಲ್ಲ ಸಾರ್. ಜೊತೆ ಮುರಿಯೋಕಾಗಲ್ಲ. ಗೆಲ್ಲೋರು ಯಾರು ಅಂತ ಮೊದ್ಲೇ ಗೊತ್ತಿದ್ರೆ ಅದು ಸನ್ಮಾನ. ಶಾಲು ತರಿಸಿ, ಹಾರ ತರಿಸಿ. ನನ್ನ್ಯಾಕೆ ಕರೀತೀರ?”

ನಾನು ಆಡಿದೆ. ನನ್ನನ್ನು ಅಟ್ಟಿಸಿಕೊಂಡು ಬಂದವಳು ನನ್ನ ಜೊತೆಯೇ. ಎರಡು ಸಲ ತಪ್ಪಿಸಿಕೊಂಡೆ, ಮೂರನೆಯ ಸಲ ಬೆನ್ನ ಮೇಲೆ ಅವಳ ಅಂಗೈ ಬಿತ್ತು. ನಮ್ಮ ತಂಡ ಸೋತಿತು. ಮೇಷ್ಟ್ರು ಬಂದು ನನ್ನನ್ನು ಹೊಗಳುತ್ತಾರೆಂದುಕೊಂಡೆ. “ಸೋತೆ. ಸರಿಯಾಗೇ ಸೋತೆ. ಹೋಗಿ ನೀರು ಕುಡಿ,” ಎಂದರು. ನನ್ನನ್ನು ಎಲ್ಲರ ಹಾಗೆ ಸೋಲಲು ಬಿಟ್ಟವರು ಅವರೇ ಮೊದಲು.

ಇಷ್ಟು ವರ್ಷಗಳ ಮೇಲೆ ಈಗ ನಾನು ಆಟ ಕಟ್ಟುವವಳು. ಇಬ್ಬರು ಗೆಳತಿಯರ ಜೊತೆ ಶಿಡ್ಲಘಟ್ಟದಲ್ಲಿ, ನೂಲಿನ ಅಂಗಡಿಯ ಮೇಲಿನ ಒಂದು ರೂಮಿನಲ್ಲಿ ಕೂತು, ಮೊಬೈಲಿನಲ್ಲಿ ಆಡುವ ಯುದ್ಧದ ಆಟವೊಂದನ್ನು ಎರಡು ವರ್ಷ ಕಟ್ಟಿದೆವು. ಒಂದು ಕಡೆ ರೆಕ್ಕೆ ಇರುವ ದೇವದೂತರು, ಇನ್ನೊಂದು ಕಡೆ ಕೊಂಬು ಇರುವ ರಾಕ್ಷಸರು. ರೆಕ್ಕೆಯವರ ಸೇನಾಪತಿ ಬಂಗಾರದ ಬಣ್ಣದವನು, ಕೋಟೆಯನ್ನು ಹಾರಿ ದಾಟುತ್ತಾನೆ. ಕೊಂಬಿನವರಲ್ಲಿ ಅವನಿಗೆ ಎದುರಾಗಿ ಬಿಲದವನು, ನೆಲ ತೋಡಿಕೊಂಡು ಕೋಟೆಯೊಳಗೇ ಏಳುತ್ತಾನೆ. ಎರಡು ಪಕ್ಷಗಳೂ ಬೇರೆ ಬೇರೆ, ಬಲ ಮಾತ್ರ ಸಮ. ಹಾಗೆ ತೂಗಿಸುವುದರಲ್ಲಿ ನಮ್ಮ ತಲೆ ಹಣ್ಣಾಗಿತ್ತು.

ಕೊನೆಗೆ ಒಂದು ಕಂಪನಿ ಆಟವನ್ನು ಬಿಡುಗಡೆ ಮಾಡಲು ಒಪ್ಪಿತು. ಒಂದೇ ಷರತ್ತು. “ನಮ್ಮ ಜನಕ್ಕೆ ರಾಕ್ಷಸರು ಗೆದ್ದರೆ ಹಿಡಿಸಲ್ಲ ಮೇಡಂ. ಆ ಬಿಲದವನನ್ನ ಸ್ವಲ್ಪ ತಗ್ಗಿಸಿ. ಗೊತ್ತಾಗದ ಹಾಗೆ.” ಒಮ್ಮೆ ತೋಡಿದರೆ ಮುಂದಿನ ಎರಡು ಸರದಿ ಅವನು ಸುಮ್ಮನೆ ಕೂರುವಂತೆ ನಾನು ಬದಲಾಯಿಸಿದೆ. ಆಡಿ ನೋಡಿದ ಯಾರಿಗೂ ಗೊತ್ತಾಗಲಿಲ್ಲ. ಹೊಟ್ಟೆಪಾಡು ಎಂಬ ಮಾತು ಇಂಥ ಹೊತ್ತಿನಲ್ಲಿ ಚೆನ್ನಾಗಿ ಒದಗುತ್ತದೆ.

ಆ ಆಟವನ್ನು ಹೊತ್ತುಕೊಂಡು, ಬಹುಮಾನ ತೋರಿಸುವ ಮಗುವಿನ ಹಾಗೆ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಕೈ ನಡುಗುತ್ತಿತ್ತು, ಒಂದು ಸಲ ಮುಟ್ಟಿದರೆ ಮೊಬೈಲು ಮೂರು ಸಲ ಎಂದು ತಿಳಿಯುತ್ತಿತ್ತು. “ಈ ಗಾಜು ಬೇಡ ತಾಯಿ, ನೆಲದ ಮೇಲೆ ಬರಿ,” ಎಂದರು. ಹುಳು ಸಾಕುವ ಮನೆಯನ್ನು ಆಗ ತೊಳೆದು ಖಾಲಿ ಬಿಟ್ಟಿದ್ದರು. ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ರಣರಂಗ ಬರೆದೆ. ಕಲೆ ಬಿದ್ದು ಮಾರಲಾಗದ ರೇಷ್ಮೆ ಗೂಡುಗಳೇ ಕಾಯಿಗಳು: ಬಿಳಿಯವು ರೆಕ್ಕೆಯವರು, ಹಳದಿಯವು ಕೊಂಬಿನವರು.

ಮೇಷ್ಟ್ರು ಹಳದಿ ತೆಗೆದುಕೊಂಡು ಸೋತರು. ಬಿಳಿ ತೆಗೆದುಕೊಂಡು ಗೆದ್ದರು. ಮತ್ತೆ ಹಳದಿ, ಮತ್ತೆ ಸೋಲು. ಆಮೇಲೆ ಬಿಳಿ ಗೂಡುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಎದುರಾಗಿ ಒಂದು ಹಳದಿ ಗೂಡು ಇಡಿಸಿದರು. ಸಾಲಿನ ಕೊನೆಗೆ ಬಂದರು.

“ಈ ಬಂಗಾರದೋನಿಗೆ ಜೊತೆ ಯಾರು?”

“ಬಿಲದವನು ಸಾರ್. ಇವನು ಮೇಲಿಂದ ಬರ್ತಾನೆ, ಅವನು ಕೆಳಗಿಂದ ಬರ್ತಾನೆ.”

“ಎಲ್ಲಮ್ಮ ಬರ್ತಾನೆ? ಒಂದ್ಸಲ ತೋಡಿ ಕೂತೇ ಇರ್ತಾನೆ. ಇವನ ಕಾಲು ಕಟ್ಟಿದ್ದು ಯಾರು?”

ಸುಳ್ಳು ಹೇಳಲಾಗಲಿಲ್ಲ. ಕಂಪನಿಯ ಷರತ್ತು ಹೇಳಿದೆ. ಅವರು ಅಂಗಿಯೊಳಗೆ ಕೈ ಹಾಕಿ ಸೀಟಿ ತೆಗೆದು, ಆ ಮುಚ್ಚಿದ ಕೋಣೆಯಲ್ಲಿ, ನನ್ನ ಮುಖದ ಮುಂದೆ ಊದಿಯೇಬಿಟ್ಟರು. ಕೊಟ್ಟಿಗೆಯಿಂದ ಅವರ ಹೆಂಡತಿ ಹಾಲಿನ ಚೊಂಬು ಹಿಡಿದುಕೊಂಡೇ ಓಡಿ ಬಂದರು.

“ಏನಾಯ್ತ್ರೀ?”

“ಫೌಲು,” ಎಂದರು ಮೇಷ್ಟ್ರು.

ನಾನು ತೊದಲಿದೆ. “ದೇವ್ರ ಕಡೆಯೋರೇ ಗೆಲ್ಲಬೇಕು ಅಂತಾರೆ ಸಾರ್.”

“ದೇವ್ರಿಗೆ ಸಹಾಯ ಮಾಡೋಕೆ ನೀನು ಯಾವ ದೊಡ್ಡ ಮನುಷ್ಯಳಮ್ಮ? ತಾಕತ್ತಿದ್ರೆ ಅವನೇ ಗೆಲ್ತಾನೆ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನ ನನಗೆ ಗೊತ್ತಿತ್ತು. ಆಮೇಲೆ ಮೆಲ್ಲಗೆ, “ಆವತ್ತು ಹೆಡ್‌ಮಾಸ್ಟ್ರು ಕೇಳಿದ್ದೂ ಇದನ್ನೇ ಅಲ್ವೇನಮ್ಮ?” ಎಂದರು.

ನನಗೆ ನಾಚಿಕೆಯಾಯಿತು. ನನ್ನ ಕಾಲನ್ನು ಆಡಿಕೊಂಡವರ ಮೇಲೆ ಹಲ್ಲು ಮಸೆಯುತ್ತ ಬೆಳೆದವಳು, ಅದೇ ಕೆಲಸವನ್ನು ಬೇರೆಯವರಿಗೆ ಗೊತ್ತಾಗದಷ್ಟು ನಾಜೂಕಾಗಿ ಮಾಡಿದ್ದೆ. ಅವತ್ತೇ ರೂಮಿಗೆ ಹೋಗಿ ಬಿಲದವನ ಕಟ್ಟು ಬಿಚ್ಚಿದೆ. ಕಂಪನಿಗೆ ತಿಳಿಸುವ ಧೈರ್ಯ ಮಾತ್ರ ಬರಲಿಲ್ಲ. ಎರಡು ವರ್ಷದ ಕೆಲಸ, ನನ್ನೊಬ್ಬಳದಲ್ಲ, ಮೂವರದು. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ತಳ್ಳಿದೆ. ಮೇಷ್ಟ್ರು ಫೋನು ಮಾಡಿ, “ಅವನನ್ನ ಕೂರಿಸಿದೀಯೋ, ಆಡಿಸ್ತಿದೀಯೋ?” ಎನ್ನುತ್ತಿದ್ದರು. “ಆಡಿಸ್ತಿದೀನಿ ಸಾರ್,” ಎನ್ನುತ್ತಿದ್ದೆ. ಅರ್ಧ ಸುಳ್ಳು.

ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದವರು ತೋಟದಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸುವ ಮೊದಲೇ ಜೀವ ಹೋಗಿತ್ತು.

ಅಂಗಳದಲ್ಲಿ ಮಲಗಿಸಿದ್ದರು. ತುಟಿಯ ಗುಳಿ ಹಾಗೇ ಇತ್ತು. ದಿಬ್ಬೂರಹಳ್ಳಿಯವಳು ಬಂದಿದ್ದಳು, ಈಗ ಚಿಂತಾಮಣಿಯಲ್ಲಿ ತರಕಾರಿ ಸಸಿಗಳ ನರ್ಸರಿ ನಡೆಸುತ್ತಾಳೆ. ನನ್ನ ಪಕ್ಕ ನಿಂತು, ಯೋಚಿಸದೆಯೇ ನನ್ನ ಹೆಗಲ ಮೇಲೆ ಕೈ ಹಾಕಿದಳು. ನಾನೂ ಹಾಕಿದೆ. “ಹೆಸರಿಟ್ಕೊಂಡು ಬನ್ನಿ ಅನ್ನೋರೇ ಹೋದ್ರಲ್ಲೇ,” ಎಂದಳು. ಇಬ್ಬರೂ ಹಾಗೇ ನಿಂತು ಅತ್ತೆವು. ಮಧ್ಯಾಹ್ನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು.

ಮಣ್ಣಾದ ಕೈ ತೊಳೆದು, ಗೆಳತಿಯರಿಬ್ಬರಿಗೂ ಫೋನು ಮಾಡಿ, ಕಂಪನಿಗೆ ಬರೆಯಲಾ ಎಂದು ಕೇಳಿದೆ. “ಬರಿ,” ಎಂದರು ಇಬ್ಬರೂ. ಮೇಷ್ಟ್ರ ಹುಳು ಮನೆಯ ಮೆಟ್ಟಿಲ ಮೇಲೆ ಕೂತು ಕಂಪನಿಗೆ ಬರೆದೆ: “ಬಿಲದವನನ್ನು ಕೂರಿಸಬೇಕೆಂದರೆ ಅವನ ಜೊತೆಯೂ ಕೂರಬೇಕು. ಬಂಗಾರದ ಸೇನಾಪತಿಯನ್ನು ಕೂರಿಸಲೇ?” ಅವರ ಜಾಹೀರಾತಿಗೆಲ್ಲ ಬೇಕಾಗಿದ್ದುದು ಅದೇ ಸೇನಾಪತಿಯ ಚಿತ್ರ. ಇದೇನು ಹಟ ಮೇಡಂ ಎಂದು ಉತ್ತರ ಬಂತು. ಅದಕ್ಕೂ ಮರುತ್ತರ ನನ್ನ ಹತ್ತಿರ ಸಿದ್ಧವಿತ್ತು, ಕಷ್ಟಪಟ್ಟು ಹುಡುಕಬೇಕಾಗಲಿಲ್ಲ: ಜೊತೆ ಮುರಿಯೋಕಾಗಲ್ಲ ಸಾರ್.

ಕಂಪನಿಯವರು ಕೈ ಬಿಟ್ಟರು. ಆಟವನ್ನು ನಾವೇ ಹೊರತಂದೆವು, ಆಡುವವರು ಕಡಿಮೆ. ಆಟ ತೆರೆದ ಕೂಡಲೇ ಅದು “ಸೀಬೆ ಬೇಕಾ, ನೇರಳೆ ಬೇಕಾ?” ಎಂದು ಕೇಳುತ್ತದೆ. ಯಾವುದರ ಹಿಂದೆ ರೆಕ್ಕೆ, ಯಾವುದರ ಹಿಂದೆ ಕೊಂಬು ಎಂದು ಹೇಳುವುದಿಲ್ಲ. ಕೊಂಬು ಸಿಕ್ಕಿದವರು ಬೈದು ಬರೆಯುತ್ತಾರೆ. ಬರೆಯಲಿ. ಬಿಲದವನು ಆಡುತ್ತಾನೆ, ಸೋತರೂ ಸರಿಯಾಗಿ ಸೋಲುತ್ತಾನೆ.