ಗ್ಲೌಸ್ ಹೆಚ್ಚಾಗ್ಯಾವ್ರಿ

ರಾಯಚೂರಿನ ಹೊರಗೆ ಬೀಜದ ಕಂಪನಿ ಬಂದಾಗ ಅದರ ಮಾಲೀಕರು ಯಾವ ದೇಶದವರೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಪಗಾರ ತಾರೀಖಿಗೆ ಸರಿಯಾಗಿ ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದೆವು. ಬರುತ್ತಿತ್ತು. ದೇವದುರ್ಗ, ಮಾನ್ವಿ, ಚಂದ್ರಬಂಡದ ಕಡೆಯ ಹೆಣ್ಣುಮಕ್ಕಳನ್ನು ಕರೆತರಲು ಕಂಪನಿಯದೇ ಬಸ್ಸು. ಆ ಬಸ್ಸಿನ ದಾರಿಯುದ್ದಕ್ಕೂ ಚಹಾದಂಗಡಿಗಳು, ಪಂಕ್ಚರ್ ಅಂಗಡಿಗಳು ಹುಟ್ಟಿಕೊಂಡವು. ಎಷ್ಟೇ ಬೈಯಬೇಕೆಂದರೂ ಇದನ್ನು ನಾನು ಅಲ್ಲಗಳೆಯಲಾರೆ.

ನನ್ನ ಅಕ್ಕ ಅಲ್ಲಿ ಪರ್ಮನೆಂಟ್. ಭಾವ ತೀರಿಕೊಂಡ ಮೇಲೆ ಹಿರೇಕೊಟ್ನೆಕಲ್‌ನ ಅವಳ ಮನೆ, ಇಬ್ಬರು ಹೆಣ್ಣುಮಕ್ಕಳ ಊಟ, ಓದು ಎಲ್ಲ ಆ ನೌಕರಿಯ ಮೇಲೇ ನಡೆಯುತ್ತಿತ್ತು. ಅವಳ ಜೊತೆಗೇ ಇದ್ದ ನಾನು ಸೀಸನ್‌ನವಳು: ನಾಲ್ಕು ತಿಂಗಳು ಪ್ಯಾಕಿಂಗ್, ಆಮೇಲೆ ಮನೆ. ಅಕ್ಕನದು ಔಷಧಿ ಹಚ್ಚುವ ಕಡೆ. ಹತ್ತಿಬೀಜಕ್ಕೆ ಹುಳ ಬೀಳದಂತೆ ಕೆಂಪು ವಿಷ ಹಚ್ಚುತ್ತಾರೆ. ಹಚ್ಚಿದ ಬೀಜದಲ್ಲಿ ಕೈಯಾಡಿಸಿ ಒಡಕು ಆರಿಸಬೇಕು. ಅದಕ್ಕೇ ರಬ್ಬರ್ ಗ್ಲೌಸ್.

ಆ ವರ್ಷ ಸೀಸನ್ ಅರ್ಧಕ್ಕೇ ಗ್ಲೌಸ್ ತೀರಿದವು. ಅದೇ ವಾರ ಕಂಪನಿಯ ದೇಶದಿಂದ ಇಬ್ಬರು ಸಾಹೇಬರು ನೋಡಲು ಬಂದರು. ಮಷೀನ್ ನಿಲ್ಲಿಸಿ, ಎಲ್ಲರಿಗೂ ಕೈ ತೊಳೆಸಿ, ಸಾಲಾಗಿ ನಿಲ್ಲಿಸಿದರು. ಜೊತೆಗೆ ಬಂದಿದ್ದ ಬೆಂಗಳೂರಿನ ಆಫೀಸರ್ ಅಕ್ಕನನ್ನು ಕೇಳಿದ:

"ಗ್ಲೌಸ್ ಸಾಕಷ್ಟು ಇದೆಯಾಮ್ಮಾ?"

"ಗ್ಲೌಸ್ ಹೆಚ್ಚಾಗ್ಯಾವ್ರಿ."

ನಮ್ಮ ಮನೆಗಳಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತೇವೆ. ಬಳೆ ಒಡೆದರೂ ಹಾಗೆಯೇ. ಬೀಜದ ರಾಶಿಯ ಮುಂದೆ ನಿಂತು "ಇಲ್ಲ" ಅನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಆಫೀಸರ್ ಏನೋ ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬರು ನಕ್ಕು ತಲೆಯಾಡಿಸಿದರು. ಗ್ಲೌಸ್ ನಾಳೆಯೇ ಬರುತ್ತವೆ ಅಂದುಕೊಂಡು ಅಕ್ಕನೂ ನಕ್ಕಳು.

ಬರಲಿಲ್ಲ. ಕೇಳಿದ್ದಕ್ಕೆ ಸೂಪರ್‌ವೈಸರ್ ರೇಗಿದ.

"ಸ್ಟಾಕ್ ಬೇಕಾದಷ್ಟು ಅದ ಅಂತ ಮ್ಯಾಲಿನವ್ರು ಬರಕೊಂಡು ಹೋಗ್ಯಾರ. ಈಗ ಇಲ್ಲ ಅಂದ್ರ ನನ್ನ ನೌಕರಿಗೇ ಕುತ್ತು ಬರ್ತದ. ಸೀಸನ್ ಮುಗಿಯೋತನ ಸುಮ್ಮಿರ್ರಿ."

"ಆಫೀಸಿಗೆ ನಾನs ಹೋಗಿ ಹೇಳ್ತೀನಿ ಯಕ್ಕಾ," ಎಂದೆ.

"ಬಾಯಿ ಮುಚ್ಚು. ನೌಕರಿ ಹೋದ್ರ ನನ್ನ ಮಕ್ಕಳಿಗೆ ನೀ ಹಾಕ್ತೀಯೇನು ಕೂಳು?"

ಬರಿಗೈಯಲ್ಲೇ ಸೀಸನ್ ಮುಗಿಸಿದಳು. ಮೊದಲು ಚರ್ಮ ಸುಲಿಯಿತು. ಆಮೇಲೆ ಬೆರಳು ಜೋಮು ಹಿಡಿದವು, ಬಿಡಲೇ ಇಲ್ಲ. ರೊಟ್ಟಿ ಬಡಿಯಲು ಕೂತರೆ ಹಿಟ್ಟು ಕೈಗೆ ತಿಳಿಯುತ್ತಿರಲಿಲ್ಲ, ತವೆಯ ಬಿಸಿಯೂ ತಿಳಿಯುತ್ತಿರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಕೈ ತೆಗೆಯುತ್ತಿದ್ದಳು.

ಆಸ್ಪತ್ರೆಯ ಖರ್ಚನ್ನೆಲ್ಲ ಕಂಪನಿಯೇ ಕೊಟ್ಟಿತು. ರಾಯಚೂರಿನ ಒಳ್ಳೆಯ ಆಸ್ಪತ್ರೆ, ಒಳ್ಳೆಯ ಮಂಚ. ಕೊನೆಗೆ ಡಾಕ್ಟರು ಇನ್ನು ಈ ಕೈಯಿಂದ ಕೆಲಸ ಆಗದು ಎಂದರು. ಬೆಂಗಳೂರಿನ ಆಫೀಸರ್ ಮನೆಗೇ ಬಂದ. ಅಕ್ಕನ ನೌಕರಿಯನ್ನು ಮನೆಯ ಒಬ್ಬರಿಗೆ ಕೊಡುತ್ತಾರಂತೆ, ಪರ್ಮನೆಂಟ್.

"ನಮ್ಮ ಕಂಪನಿ ಯಾರನ್ನೂ ಕೈ ಬಿಡೋದಿಲ್ಲಮ್ಮಾ," ಎಂದ.

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಆದರೂ ಪರ್ಮನೆಂಟ್ ಎಂದಾಗ ಜೀವ ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಕ್ಕನ ಮಕ್ಕಳು ಇನ್ನೂ ಸಾಲೆಯಲ್ಲಿದ್ದರು. ಉಳಿದವಳು ನಾನೊಬ್ಬಳೇ.

"ಹೂಂ ಅನ್ನು," ಎಂದಳು ಅಕ್ಕ. "ಬ್ಯಾರೆಯವ್ರು ಬಂದು ನಿಂತ್ರ ಜಾಗಾ ಹೋಗ್ತದ."

ಹೂಂ ಅಂದೆ.

ಮೊದಲ ದಿನ ಮುಂಜಾನೆ ಅಕ್ಕ ನನಗೆ ಜಡೆ ಹೆಣೆಯಲು ಕೂತಳು. ಮೂರು ಸಲ ಹಿಡಿದಳು, ಮೂರು ಸಲವೂ ಕೂದಲು ಬೆರಳಿಂದ ಜಾರಿತು. ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು.

"ಹಂಗs ಗಂಟು ಹಾಕ್ಕೊಂಡು ನಡಿ," ಎಂದು ನನ್ನನ್ನು ಬಾಗಿಲಿಗೆ ದೂಡಿದಳು, "ಬಸ್ ಹೋದೀತು."