ಹಿಂದಕ್ಕೆ ಕೊಟ್ಟ ವೀಳ್ಯ

ತಮ್ಮಾ, ನಿನ್ನನ್ನು ಕರೆಯಲು ಬಂದಿದ್ದರು. ಬಂದವರನ್ನು ಬಾಗಿಲಿಂದಲೇ ಕಳಿಸಿದವಳು ನಾನು.

ಆಗಲೂ ನೀನು ಹಿರಿಯೂರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಸಂಜೆ ಮಕ್ಕಳನ್ನು ಇಳಿಸಿ ಬಂದು, ಕಾಕಿ ಅಂಗಿಯನ್ನೂ ಬಿಚ್ಚದೆ ಹಾರ್ಮೋನಿಯಂ ಮುಂದೆ ಕೂರುತ್ತಿದ್ದೆ. ಒಂದು ಊರಿನವರು ನಾಟಕ ಕಲಿಸಲು ಕರೆದರೆ ಸಾಕು, ಆಮೇಲೆ ಹತ್ತೂರು ಕರೆಯುತ್ತವೆ, ಸ್ಟೇರಿಂಗ್ ಬಿಟ್ಟು ಮೇಷ್ಟ್ರಾಗುತ್ತೇನೆ ಅನ್ನುತ್ತಿದ್ದೆ. "ಏನಪ್ಪ ಮೇಷ್ಟ್ರೇ, ಮುದ್ದೆ ಆರ್ತೈತೆ, ಬರ್ರಿ" ಅಂತ ನಾನು ನಗುತ್ತಿದ್ದೆ. ನೀನೂ ನಗುತ್ತಿದ್ದೆ.

ಒಂದು ಮಧ್ಯಾಹ್ನ ನೀನಿಲ್ಲದಾಗ ಯಲ್ಲದಕೆರೆಯಿಂದ ಮೂವರು ಬಂದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ.

"ಯುಗಾದಿಗೆ ನಾಟಕ ಇಟ್ಕಂಡಿದೀವಿ ಕಣಮ್ಮ. ನಮ್ಮೂರ ಮದುವೇಲಿ ನಿಮ್ಮ ತಮ್ಮ ನುಡಿಸಿದ್ದು ಕೇಳಿದ್ವಿ. ಅವ್ರೇ ಬೇಕು. ನೀವೇ ವೀಳ್ಯ ಹಿಡೀರಿ, ಸಾಕು" ಅಂದರು ಹಿರಿಯರು.

ಮನೆಯವರು ಯಾರು ಹಿಡಿದರೂ ಒಪ್ಪಿದಂತೆ. ಹಿಂದಕ್ಕೆ ಕೊಟ್ಟರೆ ಅವರು ಮತ್ತೆ ಹೊಸಿಲು ತುಳಿಯುವುದಿಲ್ಲ, ಆ ಮಾತನ್ನು ನಿನ್ನೆದುರು ಎತ್ತುವುದೂ ಇಲ್ಲ — ಅವರಿಗೇ ಅವಮಾನ. ಸುತ್ತಲ ಊರಿಗೆ ಮಾತ್ರ ಸುದ್ದಿ ಹೋಗುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಇದು ಗೊತ್ತಿಲ್ಲದ್ದೇನಲ್ಲ.

ಗಂಡನನ್ನು ಬಿಟ್ಟು ಬಂದು ನಿನ್ನ ಮನೆ ಸೇರಿದ್ದೆ. ಡ್ರೈವರ್ ಮನೆಯ ಮಗು ಅಂತ ನನ್ನ ಮಗಳನ್ನು ಆ ಶಾಲೆಯಲ್ಲಿ ಫೀಸಿಲ್ಲದೆ ಓದಿಸುತ್ತಿದ್ದರು. ನೀನು ಬಸ್ಸು ಬಿಟ್ಟರೆ ಅವಳು —

"ಅವ್ನು ಅದನ್ನೆಲ್ಲ ಬಿಟ್ಟವ್ನೆ. ಬೇರೆಯೋರ್ನ ನೋಡ್ಕಳ್ರಿ" ಅಂದುಬಿಟ್ಟೆ.

ಹಿರಿಯರು ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. ಚಾಪೆಯ ಮೇಲೆ ಹಾರ್ಮೋನಿಯಂ, ಮುಚ್ಚಳ ಕೂಡ ಹಾಕಿರಲಿಲ್ಲ. ತಟ್ಟೆ ಎತ್ತಿಕೊಂಡು ಹೊರಟರು.

ಆ ವರ್ಷ ಯಾರೂ ಬರಲಿಲ್ಲ, ಮರುವರ್ಷವೂ. ಆದಿವಾಲದಲ್ಲಿ ಬೇರೆ ಯಾರೋ ಮೇಷ್ಟ್ರು ನಾಟಕ ಕಲಿಸುವುದನ್ನು ನೀನು ಬಸ್ಸು ನಿಧಾನ ಮಾಡಿ ಕೇಳಿ ಬರುತ್ತಿದ್ದೆಯಂತೆ — ಮಗಳು ಹೇಳುತ್ತಿದ್ದಳು. ಆಮೇಲೆ ಒಂದು ದಿನ ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಭಜನೆ ಮನೆಗೆ ಕೊಟ್ಟುಬಂದೆ ನೀನು. ನಾನು ತಡೆಯಲಿಲ್ಲ. ಯಾರಿಗಾಗಿ ಸುಳ್ಳು ಹೇಳಿದೆನೋ ಆ ಮಗಳು ಒಂಬತ್ತನೇ ಕ್ಲಾಸಿಗೇ ಓದು ಬಿಟ್ಟಳು. ಆ ಹಿರಿಯರೂ ತೀರಿಕೊಂಡರು. ನೀನಿನ್ನೂ ಬಸ್ಸಿನಲ್ಲೇ ಇದ್ದೀಯ — ಬೆರಳುಗಳು ಗೇರು ಹಿಡಿದು ಹಿಡಿದು ಸೊಟ್ಟಗಾಗಿವೆ.

ಮೊನ್ನೆ ಉಣ್ಣುತ್ತಾ ನೀನು ಕೇಳಿದೆ: "ನನ್ ಕೈ ಚೆನ್ನಾಗಿದ್ದಿದ್ರೆ ಒಬ್ರಾದ್ರೂ ಕರೀತಿದ್ರು, ಅಲ್ವೇನಕ್ಕ?"

ನಾನು ಸಾರು ಬಡಿಸಿದೆ.

ಕ್ಷಮಿಸು ಅನ್ನುವುದಿಲ್ಲ. ಮನೆ ಬಿಟ್ಟು ಹೋಗು ಅಂದರೆ ಹೋಗುತ್ತೇನೆ. ನಿನ್ನ ಕೈ ಚೆನ್ನಾಗಿತ್ತು, ತಮ್ಮಾ. ಅದನ್ನು ಕೇಳಿಯೇ ಅವರು ಬಂದಿದ್ದರು.