ವುಕೋಮಾನನ ಪಕ್ಕದ ಸೀಟು

ಉಝಿತ್ಸೆ ಊರಿನಲ್ಲಿ ಸಪಾಟಾದ ರಸ್ತೆ ಹುಡುಕಿದರೂ ಸಿಗುವುದಿಲ್ಲ. ಆ ಏರಿಳಿತಗಳಲ್ಲೇ ವುಕೋಮಾನ ಮೂವತ್ತೊಂದು ವರ್ಷ ಜನರಿಗೆ ಕಾರು ಕಲಿಸಿದ. ಮದುವೆ ಆಗಿರಲಿಲ್ಲ. ಒಬ್ಬೊಬ್ಬರ ಜೊತೆ ನಲವತ್ತು ತಾಸು. ಸ್ಟಿಯರಿಂಗ್ ಹಿಡಿದವರು ಹೆದರಿಕೆಗೋ ಏನೋ, ಮನೆಯ ಗುಟ್ಟೆಲ್ಲ ಹೇಳಿಬಿಡುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ಮೇಲೆ ಬೀದಿಯಲ್ಲಿ ಕಂಡರೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದರು.

ಆ ವರ್ಷ ಶರತ್ಕಾಲದಲ್ಲಿ ದೋಬ್ರಿಲಾ ಬಂದಳು. ಐವತ್ತೇಳು ವರ್ಷ. ಗಂಡ ತೀರಿಹೋಗಿ ಏಳು ತಿಂಗಳಾಗಿತ್ತು, ಅವನ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಆಕೆಯ ಎಡಗಾಲು ಮಾತ್ರ ಕ್ಲಚ್ ಬಿಟ್ಟು ಕದಲುತ್ತಿರಲಿಲ್ಲ. ಏರಿನಲ್ಲಿ ಸುಟ್ಟ ವಾಸನೆ ಮೂಗಿಗೆ ಅಡರಿತು.

"ಕಾಲು ತೆಗೀರಿ ತಾಯಿ! ಅದೇನು ಕೂರೋ ಮಣೆನಾ?"

"ಮೂವತ್ತು ವರ್ಷ ನೀವೀಗ ಕೂತಿರೋ ಜಾಗದಲ್ಲಿ ಕೂತು, ಇಲ್ಲದ ಬ್ರೇಕ್ ಒತ್ತಿದೀನಿ ಮೇಷ್ಟ್ರೇ. ಒತ್ತೋಕೆ ಏನಾದ್ರೂ ಸಿಕ್ಕಿರೋದೇ ಈಗ. ಬಿಡು ಅಂದ್ರೆ ಹೆಂಗೆ ಬಿಡ್ಲಿ?"

ವುಕೋಮಾನ ನಕ್ಕುಬಿಟ್ಟ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಝ್ಲಾತಿಬೋರ್ ಬೆಟ್ಟದಿಂದ ಇಳಿಯುವಾಗ ಆಕೆ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದಳು.

"ಪೆಟ್ರೋಲ್ ಉಳಿಯುತ್ತೆ. ನಮ್ಮನೆಯವರು ಯಾವಾಗಲೂ ಹಿಂಗೇ ಇಳಿಸ್ತಿದ್ರು."

"ಮೂರನೇ ಗೇರ್‌ಗೆ ಹಾಕಿ, ಎರಡೂ ಕಾಲು ತೆಗೀರಿ. ಈಗಿನ ಎಂಜಿನ್ ಗೇರಿನಲ್ಲಿ ಇಳೀತಿದ್ರೆ ಹನಿ ಪೆಟ್ರೋಲೂ ಕುಡಿಯಲ್ಲ. ನ್ಯೂಟ್ರಲ್‌ನಲ್ಲೇ ಕುಡಿಯೋದು. ಬ್ರೇಕ್ ಬೇರೆ ಕಾದುಹೋಗುತ್ತೆ."

ಆಕೆ ಹೇಳಿದಂತೆ ಮಾಡಿದಳು. ಕಾರು ತಾನಾಗಿ ನಿಧಾನವಾಯಿತು. ಎರಡು ತಿರುವು ದಾಟಿದ ಮೇಲೆ ಕೇಳಿದಳು: "ಹಂಗಾದ್ರೆ ಅಷ್ಟು ವರ್ಷ ಅವರು ಮಾಡ್ತಿದ್ದಿದ್ದು ತಪ್ಪಾ?"

ಆಕೆಯ ಕಣ್ಣು ತುಂಬಿತ್ತು.

"ಅವರು ಕಲಿತಿದ್ದು ಹಳೇ ಕಾಲದ ಗಾಡಿಯಲ್ಲಿ," ಅಂದ ವುಕೋಮಾನ ಮೆಲ್ಲಗೆ. "ಆ ಗಾಡಿಗಳ ಲೆಕ್ಕಾನೇ ಬೇರೆ."

ಆಕೆ ಮೊದಲ ಸಲಕ್ಕೇ ಪಾಸಾದಳು. ಮನೆಯಲ್ಲಿ ಚೀಸ್ ತುಂಬಿ ಬೇಯಿಸಿದ ಪಿಟಾ ತಂದು ಕೊಟ್ಟಳು. ಒಂದು ಲೋಟ ಕಾಫಿ ಕುಡಿಯೋಣವೇ ಎಂದು ಕೇಳಬೇಕೆಂದು ವುಕೋಮಾನ ಬೆಳಗ್ಗೆಯಿಂದ ಅಂದುಕೊಂಡಿದ್ದ. ಅಷ್ಟರಲ್ಲಿ ಆಕೆಯ ತಂಗಿ ಬಂದು ಕರೆದುಕೊಂಡು ಹೋದಳು. ಪಿಟಾವನ್ನು ಕಾರಿನಲ್ಲೇ ಕೂತು ಒಬ್ಬನೇ ತಿಂದ.

ಹತ್ತು ದಿನ ತಡೆದು ಫೋನ್ ಮಾಡಿದ.

"ಕ್ಲಚ್ ಹೇಗಿದೆ ಅಂತ ಕೇಳೋಣ ಅಂತ..."

"ಕ್ಲಚ್ ಚೆನ್ನಾಗಿದೆ ಮೇಷ್ಟ್ರೇ. ನೀವು ಹೇಗಿದೀರಿ?"

ಆ ಪ್ರಶ್ನೆಯನ್ನು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. "ಕಲಿಯೋರು ಬಂದ್ರು, ಇಡ್ತೀನಿ," ಎಂದು ಫೋನ್ ಇಟ್ಟುಬಿಟ್ಟ. ಯಾರೂ ಬಂದಿರಲಿಲ್ಲ.

ಮತ್ತೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮುಂದಿನ ವಸಂತದಲ್ಲಿ ಸಂತೆಯ ಹತ್ತಿರ ನಡೆದು ಹೋಗುತ್ತಿದ್ದ ಅವನನ್ನು ಕಂಡು ಆಕೆ ಎರಡು ಸಲ ಹಾರ್ನ್ ಹೊಡೆದಳು. ಕಾರಿನ ಗಾಜು ಇಳಿಸಿ ಏನೋ ಕೂಗಿದಳು. ಹಿಂದೆ ಗಾಡಿಗಳ ಸಾಲು, ನಿಲ್ಲಿಸಲು ಜಾಗವಿರಲಿಲ್ಲ. ಏನು ಹೇಳಿದಳೆಂದು ವುಕೋಮಾನನಿಗೆ ಕೇಳಿಸಲಿಲ್ಲ. ಕೈಯೆತ್ತಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದ.